ಅಷ್ಠೀಲದಿಂದ ಸಿಸ್ಟಡೆನೋಮದವರೆಗೆ: ಒಂದು ಗಂಟಿನ ಗುರುತಿನ ಚರಿತ್ರೆ

ಸುಶ್ರುತಸಂಹಿತೆಯ ಉತ್ತರತಂತ್ರವು ಮೂತ್ರಾಘಾತವನ್ನು, ಅಂದರೆ ಮೂತ್ರ ಕಟ್ಟಿಕೊಳ್ಳುವ ರೋಗವನ್ನು, 12 ಬಗೆಯಾಗಿ ವಿಂಗಡಿಸಿ, ಅವುಗಳಲ್ಲೊಂದಾದ ವಾತಾಷ್ಠೀಲವನ್ನು ಮಲಮಾರ್ಗಕ್ಕೂ ಮೂತ್ರಾಶಯಕ್ಕೂ ನಡುವೆ ಕಲ್ಲಿನಂತೆ ಗಟ್ಟಿಯಾಗಿ, ಅಲುಗದೆ ಉಬ್ಬಿ ನಿಲ್ಲುವ ಗಂಟೆಂದು ವರ್ಣಿಸುತ್ತದೆ. ಪುರುಷರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯನ್ನು ಆ ಗ್ರಂಥ ಪ್ರತ್ಯೇಕ ಅಂಗವಾಗಿ ಹೆಸರಿಸದಿದ್ದರೂ, ಗಂಟಿನ ಸ್ಥಳ, ಗಡಸು, ಲಕ್ಷಣ ಮೂರನ್ನೂ ಕೂಡಿಸಿ ನೋಡಿದ ಇಂದಿನ ಆಯುರ್ವೇದ ವಿದ್ವಾಂಸರು ವಾತಾಷ್ಠೀಲವನ್ನು ಆ ಗ್ರಂಥಿಯ ಊತದೊಡನೆ ಹೊಂದಿಸಿ ಓದುತ್ತಾರೆ. ಗಂಟು ಎಲ್ಲಿದೆ ಎಂಬುದು ಹೀಗೆ ಬಹು ಹಿಂದೆಯೇ ತಿಳಿದಿತ್ತು. ಅದರೊಳಗೇನಿದೆ, ಅದು ಯಾವ ಅಂಗದಿಂದ ಹುಟ್ಟಿದೆ ಎಂಬ ಎರಡು ಪ್ರಶ್ನೆಗಳು ಮಾತ್ರ ಶತಮಾನಗಳ ಕಾಲ ಉಳಿದವು.

ಅಂಗರಚನಾಶಾಸ್ತ್ರಜ್ಞ ವೆಸಾಲಿಯಸ್ 1538ರಲ್ಲಿ ಪ್ರಾಸ್ಟೇಟನ್ನು ಚಿತ್ರಿಸಿದನು. 1877ರಲ್ಲಿ ಜರ್ಮನಿಯ ಮ್ಯಾಕ್ಸ್ ನಿಟ್ಸೆ ರೂಪಿಸಿದ ಸಿಸ್ಟೋಸ್ಕೋಪ್, ಅಂದರೆ ಮೂತ್ರಕೋಶದ ಒಳಗನ್ನು ನೋಡುವ ಬೆಳಕಿನ ನಳಿಗೆ, ಹೊರಗಿನಿಂದ ಒತ್ತಿದ ಗಂಟಿನ ಉಬ್ಬನ್ನಷ್ಟೇ ತೋರಿಸಬಲ್ಲದಾಗಿತ್ತು. 1960ರ ದಶಕದ ಕೊನೆಯಲ್ಲಿ ಜಪಾನಿನ ಹಿರೋಕಿ ವಾತಾನಾಬೆ ಗುದದ್ವಾರದ ಮೂಲಕ ಮಾಡುವ ಅಲ್ಟ್ರಾಸೌಂಡನ್ನು ಚಿಕಿತ್ಸಾಲಯಕ್ಕೆ ತಂದ ಬಳಿಕವೇ ಗಂಟಿನಲ್ಲಿರುವುದು ಮಾಂಸವೋ ದ್ರವವೋ ಎಂದು ಶಸ್ತ್ರವಿಲ್ಲದೆ ತಿಳಿಯುವ ದಾರಿ ತೆರೆಯಿತು.

1991ರಲ್ಲಿ ರೋಗಶಾಸ್ತ್ರಜ್ಞ ಮಲೂಫ್ ಮತ್ತು ಸಂಗಡಿಗರು ಪ್ರಾಸ್ಟೇಟಿನ ಬಹುಕೋಣೆಯ ದೈತ್ಯ ಸಿಸ್ಟಡೆನೋಮವನ್ನು ಪ್ರತ್ಯೇಕ ವ್ಯಾಧಿಯಾಗಿ ನಿರೂಪಿಸಿದರು. ಇದು ಮೂತ್ರಕೋಶಕ್ಕೂ ಗುದನಾಳಕ್ಕೂ ನಡುವೆ ಹಲವು ದ್ರವದ ಕೋಣೆಗಳಾಗಿ ಬೆಳೆಯುವ, ಕ್ಯಾನ್ಸರಲ್ಲದ, ಬಹು ವಿರಳವಾದ ಗಡ್ಡೆ. ಆದರೆ ದ್ರವ ತುಂಬಿದ ಗಂಟೆಲ್ಲವೂ ಇದೇ ಅಲ್ಲ. ಗೋದಾವರಿಯಿಂದ ತುಂಗಭದ್ರೆಯವರೆಗೆ ಧನಗರರೂ ಕುರುಬರೂ ಕುರಿ ಮೇಯಿಸುತ್ತ ಬಂದ ದಖ್ಖನ್ನಿನಂತಹ ನಾಡಿನಲ್ಲಿ, ಕುರಿಗಳೊಡನೆ ಇರುವ ನಾಯಿಯ ಲಾಡಿಹುಳುವಿನಿಂದ ಬರುವ ಹೈಡಾಟಿಡ್ ಚೀಲವನ್ನೂ ವೈದ್ಯರು ನೆನೆಯಬೇಕು. ಅದನ್ನು ಅರಿಯದೆ ಸೂಜಿಯಿಂದ ಚುಚ್ಚಿದರೆ ಒಳಗಿನ ದ್ರವ ಸೋರಿ ಪ್ರಾಣಕ್ಕೇ ಅಪಾಯವಾಗಬಹುದು. ಎಂ.ಆರ್.ಐ. ಚಿತ್ರವು ಕೋಣೆಗಳನ್ನೂ ಗಡಿಗಳನ್ನೂ ಬಿಡಿಸಿ ತೋರಿಸಿದರೂ, ಕೊನೆಯ ಉತ್ತರ ಅಂಗಾಂಶದಲ್ಲಿದೆ: ಕೋಣೆಗಳ ಒಳಪದರದ ಜೀವಕೋಶಗಳು ಪ್ರಾಸ್ಟೇಟ್ ತಯಾರಿಸುವ ಪಿ.ಎಸ್.ಎ. ಪ್ರೋಟೀನಿನ ಬಣ್ಣದ ಪರೀಕ್ಷೆಗೆ ಸ್ಪಂದಿಸಿದಾಗ ಗಡ್ಡೆಯ ತವರು ಖಚಿತವಾಗುತ್ತದೆ.

ಈ ಗುರುತಿನ ಬೆಲೆ ರೋಗಿಯ ಬದುಕಿನಲ್ಲಿದೆ. ಗಡ್ಡೆಯನ್ನು ಪೂರ್ತಿ ತೆಗೆದರೆ ಸಾಮಾನ್ಯವಾಗಿ ಗುಣವಾಗುತ್ತದೆ, ಅರೆಬರೆ ಉಳಿದರೆ ಮರಳಿ ಬೆಳೆಯಬಹುದು. ಕ್ಯಾನ್ಸರೆಂದು ತಪ್ಪಾಗಿ ಬಗೆದರೆ ಮೂತ್ರಕೋಶವನ್ನೇ ಕಳೆದುಕೊಳ್ಳುವಂತಹ ಶಸ್ತ್ರಕ್ರಿಯೆಗೆ ಮನುಷ್ಯನು ಒಳಗಾಗಬೇಕಾದೀತು. ಗಂಟಿನ ನೆಲೆ ಹೇಳಿದ ಪ್ರಾಚೀನ ವೈದ್ಯನೂ ಅದರ ಮೂಲ ಹೇಳುವ ಇಂದಿನ ರೋಗಶಾಸ್ತ್ರಜ್ಞನೂ ಒಂದೇ ವಿಚಾರಣೆಯ ಎರಡು ತುದಿಗಳಲ್ಲಿ ನಿಂತಿದ್ದಾರೆ.