ಯಾರನ್ನು ಕೇಳಬೇಕು, ಎಲ್ಲಿ ಕೇಳಬೇಕು

ಚಿತ್ರದುರ್ಗದ ತುರುವನೂರು ರಸ್ತೆಯಲ್ಲೋ ಮೆದೇಹಳ್ಳಿ ರಸ್ತೆಯಲ್ಲೋ ಬಿಸಿಲಲ್ಲಿ ನಿಂತು ಬಸ್ಸು ಕಾಯುವವರಿಗೆ ಒಂದು ತಂಗುದಾಣ ಬೇಕು ಎಂದುಕೊಳ್ಳಿ. ಅರ್ಜಿ ಯಾರಿಗೆ ಕೊಡಬೇಕು? ರಸ್ತೆ ಲೋಕೋಪಯೋಗಿ ಇಲಾಖೆಯದ್ದಾಗಿದ್ದರೆ ಜಾಗಕ್ಕೆ ಅವರ ಒಪ್ಪಿಗೆ ಬೇಕು. ಕಟ್ಟಡಕ್ಕೆ ಹಣ ಬರುವುದು ಸಾಮಾನ್ಯವಾಗಿ ಶಾಸಕರ ಅಥವಾ ಸಂಸದರ ಪ್ರದೇಶಾಭಿವೃದ್ಧಿ ನಿಧಿಯಿಂದ. ಅಲ್ಲಿ ಬಸ್ಸು ನಿಲ್ಲಿಸುವಂತೆ ಚಾಲಕರಿಗೆ ಸೂಚನೆ ಕೊಡಬೇಕಾದದ್ದು ಸಾರಿಗೆ ಸಂಸ್ಥೆಯ ವಿಭಾಗೀಯ ಕಚೇರಿ. ಖಾಸಗಿ ಬಸ್ಸಿನ ಪರವಾನಗಿ, ಮಾರ್ಗ, ವೇಳೆ ಎಲ್ಲವೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಕೈಯಲ್ಲಿವೆ. ತಂಗುದಾಣದ ಮುಂದೆ ಅಡ್ಡ ನಿಂತ ಆಟೊಗಳನ್ನು ತೆಗೆಸಬೇಕಾದವರು ಸಂಚಾರ ಪೊಲೀಸರು. ಕಸ ಗುಡಿಸಿ ದೀಪ ಹಾಕುವುದು ನಗರಸಭೆ. ಜನ ಬೈಯುವುದು ಮಾತ್ರ ವಾರ್ಡಿನ ಸದಸ್ಯರನ್ನು, ಅವರು ಸಿಗದಿದ್ದರೆ ನಗರಸಭೆ ಅಧ್ಯಕ್ಷರನ್ನು.

ನಮ್ಮ ನಗರಾಡಳಿತದ ಹೊಣೆಗಾರಿಕೆಯ ಕಥೆ ಬಹುಪಾಲು ಈ ತಂಗುದಾಣದ ಕಥೆಯೇ. ಸಾರಿಗೆ, ಪೊಲೀಸು, ವಸತಿ ಈ ಮೂರೂ ಊರಿನ ಬದುಕನ್ನು ದಿನವೂ ಮುಟ್ಟುತ್ತವೆ. ಮೂರಕ್ಕೂ ಊರು ಆರಿಸಿದವರು ಉತ್ತರ ಕೊಡುವಂತಿಲ್ಲ. ಉತ್ತರ ಕೊಡಬೇಕಾದವರನ್ನು ಊರು ಆರಿಸಿಲ್ಲ.

ಲಂಡನ್ನಿನಲ್ಲಿ ಹಾಗಿಲ್ಲ. 1999ರ ಕಾಯ್ದೆಯ ಪ್ರಕಾರ 2000ದಲ್ಲಿ ಅಲ್ಲಿನ ಜನ ತಮ್ಮ ಮೇಯರನ್ನು ನೇರವಾಗಿ ಆರಿಸಿದರು. ಬಸ್ಸು ಮತ್ತು ಸುರಂಗ ರೈಲಿನ ಸಂಸ್ಥೆ, ಮಹಾನಗರ ಪೊಲೀಸಿನ ಆದ್ಯತೆ ಮತ್ತು ಆಯವ್ಯಯ, ಕೈಗೆಟಕುವ ಮನೆಗಳ ಅನುದಾನ ಮೂರೂ ಕಾಲಕ್ರಮದಲ್ಲಿ ಆ ಒಬ್ಬರ ಹೊಣೆಗೆ ಬಂದವು. ಇಪ್ಪತ್ತೈದು ಸದಸ್ಯರ ಅಸೆಂಬ್ಲಿ ವರ್ಷಕ್ಕೆ ಹತ್ತು ಸಲ ಮೇಯರನ್ನು ಕೂರಿಸಿಕೊಂಡು ಪ್ರಶ್ನೆ ಕೇಳುತ್ತದೆ. ಮೂರನೇ ಎರಡರಷ್ಟು ಬಹುಮತವಿದ್ದರೆ ಅವರ ಆಯವ್ಯಯವನ್ನೇ ತಿದ್ದಬಹುದು. ಅಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ಯಾರನ್ನು ಕೇಳಬೇಕು ಎಂಬ ಗೊಂದಲ ಅಲ್ಲಿ ಕಡಿಮೆ, ಅಷ್ಟೆ. ನಮ್ಮ ರಾಜಧಾನಿಯಲ್ಲೂ ಆ ಸ್ಪಷ್ಟತೆ ಇಲ್ಲ. ಬೆಂಗಳೂರಿನ ಮೇಯರ್ ಅವಧಿ ಒಂದೇ ವರ್ಷದ್ದಾಗಿತ್ತು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಅಧಿಕಾರಿಗಳದ್ದೇ ಆಡಳಿತವಾಯಿತು. 2025ರಲ್ಲಿ ಗ್ರೇಟರ್ ಬೆಂಗಳೂರು ಕಾಯ್ದೆ ಜಾರಿಯಾಗಿ ಐದು ಪಾಲಿಕೆಗಳಾದವು.

ದುರ್ಗದ ಸೀಮೆಗೆ ಪ್ರಶ್ನೆ ಕೇಳುವ ಅವಕಾಶ ಬಂದದ್ದು ಮೊದಲು ಊರಿನಲ್ಲಲ್ಲ, ಮೈಸೂರಿನಲ್ಲಿ. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದರು. ದಸರೆಯ ಹೊತ್ತಿಗೆ ತಾಲ್ಲೂಕುಗಳಿಂದ ಹೋದವರು ರಸ್ತೆ, ಕೆರೆ, ತೆರಿಗೆಗಳ ಅಹವಾಲನ್ನು ದಿವಾನರ ಮುಂದಿಡುತ್ತಿದ್ದರು. ತೀರ್ಮಾನಿಸುವ ಅಧಿಕಾರ ಆ ಸಭೆಗೆ ಇರಲಿಲ್ಲ. ಆದರೂ ಅಧಿಕಾರದಲ್ಲಿದ್ದವರು ಎದುರಿಗೆ ಕೂತು ಕೇಳಿಸಿಕೊಳ್ಳಬೇಕು ಎಂಬ ರೂಢಿ ಅಲ್ಲಿ ಬೇರು ಬಿಟ್ಟಿತು. 1906ರ ಮುನಿಸಿಪಲ್ ರೆಗ್ಯುಲೇಷನ್, 1933ರ ಪಟ್ಟಣ ಪುರಸಭೆಗಳ ಕಾಯ್ದೆ ಇವೆರಡೂ ಚುನಾಯಿತರ ಪಾಲನ್ನು ಹಂತಹಂತವಾಗಿ ಹಿಗ್ಗಿಸಿದವು. ಜಿಲ್ಲಾಧಿಕಾರಿಯ ನೆರಳು ಮಾತ್ರ ಸರಿಯಲಿಲ್ಲ.

ಏಕೀಕರಣವಾದಾಗ ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಒಂದೊಂದು ಕಡೆಯಿಂದ ಒಂದೊಂದು ಪುರಸಭಾ ಕಾನೂನು ಬಂದಿತ್ತು. ಅವನ್ನೆಲ್ಲ ಒಂದು ಮಾಡಿದ್ದು 1964ರ ಪುರಸಭೆಗಳ ಕಾಯ್ದೆ. ಆಗ ಮುಖ್ಯಮಂತ್ರಿಯಾಗಿದ್ದವರು ಚಿತ್ರದುರ್ಗದಲ್ಲಿ ವಕೀಲಿ ಮಾಡಿದ್ದ ಎಸ್. ನಿಜಲಿಂಗಪ್ಪನವರು. ಈ ಭಾಗದ ಮತದಾರರ ಒಂದು ತೀರ್ಪನ್ನೂ ಇಲ್ಲಿ ನೆನೆಯಬೇಕು. 1962ರ ವಿಧಾನಸಭಾ ಚುನಾವಣೆಯಲ್ಲಿ ಇದೇ ನಿಜಲಿಂಗಪ್ಪನವರನ್ನು ಹೊಸದುರ್ಗ ಸೋಲಿಸಿತ್ತು. ಗೆದ್ದವರು ಪ್ರಜಾ ಸಮಾಜವಾದಿ ಪಕ್ಷದ ಜಿ.ಟಿ. ರಂಗಪ್ಪ. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಗೆದ್ದು ಮುಖ್ಯಮಂತ್ರಿಯಾದರು. ಎಷ್ಟೇ ದೊಡ್ಡವರಾದರೂ ಮತಪೆಟ್ಟಿಗೆಯ ಮುಂದೆ ಉತ್ತರ ಹೇಳಬೇಕು ಎಂಬುದನ್ನು ಹೊಸದುರ್ಗ ತೋರಿಸಿಕೊಟ್ಟಿದೆ. ಅಂಥ ಊರಿನ ಪುರಸಭೆಗೆ ಕಾಯ್ದೆ ಕೊಟ್ಟ ಬಲ ತೀರ ಕಡಿಮೆ.

ಆ ಕಾಯ್ದೆಯ ಚೌಕಟ್ಟಿನಲ್ಲೇ ನಮ್ಮ ಊರುಗಳು ಇಂದಿಗೂ ನಡೆಯುತ್ತಿವೆ. ಜನ ಸದಸ್ಯರನ್ನು ಆರಿಸುತ್ತಾರೆ. ಸದಸ್ಯರು ತಮ್ಮೊಳಗಿನಿಂದ ಅಧ್ಯಕ್ಷರನ್ನು ಆರಿಸುತ್ತಾರೆ. ಆ ಚುನಾವಣೆಯಲ್ಲಿ ಸಂಸದರಿಗೂ ಶಾಸಕರಿಗೂ ಮತವಿದೆ. ಅಧ್ಯಕ್ಷರನ್ನು ಇಳಿಸಬೇಕಾದರೆ ಮೂರನೇ ಎರಡರಷ್ಟು ಸದಸ್ಯರು ಅವಿಶ್ವಾಸಕ್ಕೆ ಕೈ ಎತ್ತಬೇಕು. ಅಧ್ಯಕ್ಷಗಿರಿ ಯಾವ ವರ್ಗಕ್ಕೆ ಎಂದು ನಿಗದಿ ಮಾಡುವುದು ಸರ್ಕಾರ, ಅವಧಿ ಮೂವತ್ತು ತಿಂಗಳು. ಎರಡೂವರೆ ವರ್ಷದಲ್ಲಿ ಒಬ್ಬರು ಕಡತ ಓದಿ, ಗುತ್ತಿಗೆದಾರರನ್ನು ಅರಿತು, ಇಲಾಖೆಗಳೊಂದಿಗೆ ಗುದ್ದಾಡಿ ಒಂದು ಕೆಲಸ ಮುಗಿಸುವಷ್ಟರಲ್ಲಿ ಅವಧಿ ತೀರಿರುತ್ತದೆ. ಮೀಸಲಾತಿಯಿಂದ ಹೆಣ್ಣುಮಕ್ಕಳೂ ದಲಿತರೂ ಹಿಂದುಳಿದವರೂ ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದಾರೆ. ಅದು ದೊಡ್ಡ ಗಳಿಕೆ. ಹಾಗೆ ಬಂದವರಿಗೆ ಕೆಲಸ ಮಾಡಿ ತೋರಿಸುವಷ್ಟು ಕಾಲ ಕೊಡದಿರುವುದು ಅನ್ಯಾಯ.

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಈ ಚರಿತ್ರೆಯ ನಡುಗಂಬ. ಅದಕ್ಕೆ ಮೊದಲು ವರ್ಷಗಟ್ಟಲೆ ಚುನಾವಣೆಯಿಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿ ಊರುಗಳನ್ನು ಬಿಡುವುದು ದೇಶದೆಲ್ಲೆಡೆ ಮಾಮೂಲಾಗಿತ್ತು. ಐದು ವರ್ಷಕ್ಕೊಮ್ಮೆ ಚುನಾವಣೆ ಕಡ್ಡಾಯವಾಯಿತು. ಹನ್ನೆರಡನೇ ಅನುಸೂಚಿಯಲ್ಲಿ ಹದಿನೆಂಟು ವಿಷಯಗಳು ಬಂದವು. ಆ ಪಟ್ಟಿಯನ್ನು ಒಮ್ಮೆ ಓದಿ ನೋಡಬೇಕು. ನಗರ ಯೋಜನೆ, ರಸ್ತೆ, ನೀರು, ಕೊಳೆಗೇರಿ ಸುಧಾರಣೆ ಇವೆ. ಬೀದಿದೀಪ, ವಾಹನ ನಿಲುಗಡೆ, ಬಸ್ ನಿಲ್ದಾಣ ಇವೆ. ಬಸ್ಸು ಇಲ್ಲ, ಪೊಲೀಸು ಇಲ್ಲ. ಕೊಳೆಗೇರಿ ಇದೆ, ವಸತಿ ಎಂಬ ವಿಷಯ ಪ್ರತ್ಯೇಕವಾಗಿ ಇಲ್ಲ. ಇದ್ದ ಹದಿನೆಂಟರಲ್ಲೂ ಪೂರ್ಣ ಹೊಣೆ ಸ್ಥಳೀಯ ಸಂಸ್ಥೆಗಳ ಕೈಗೆ ಬಂದದ್ದು ಬೆರಳೆಣಿಕೆಯಷ್ಟು ಮಾತ್ರ.

ಚುನಾವಣೆ ಕಡ್ಡಾಯವಾದರೂ ಕುರ್ಚಿ ಖಾಲಿ ಬೀಳುವುದು ತಪ್ಪಲಿಲ್ಲ. ಚಿತ್ರದುರ್ಗ, ಹೊಸದುರ್ಗಗಳ ಜನ 2018ರ ಆಗಸ್ಟಿನಲ್ಲಿ ಮತ ಹಾಕಿದರು. ಅಧ್ಯಕ್ಷಗಿರಿಯ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿತು. ಗೆದ್ದ ಸದಸ್ಯರು ಸಭೆಯಲ್ಲಿ ಕೂರಲು 2020ರ ಕೊನೆಯ ತಿಂಗಳುಗಳವರೆಗೆ ಕಾಯಬೇಕಾಯಿತು. ಮೊದಲ ಮೂವತ್ತು ತಿಂಗಳು ಮುಗಿದ ಮೇಲೆ ಮತ್ತೆ ಅದೇ ಪಾಡು. 2023ರಲ್ಲಿ ತೆರವಾದ ಕುರ್ಚಿಗಳಿಗೆ ಸರ್ಕಾರ ಮೀಸಲಾತಿ ಪ್ರಕಟಿಸಿದ್ದು 2024ರ ಆಗಸ್ಟಿನಲ್ಲಿ. ಗೆದ್ದೂ ಅಧಿಕಾರವಿಲ್ಲದ ಸದಸ್ಯನನ್ನು ಜನ ಏನೆಂದು ಕೇಳಿಯಾರು? ಅವನಾದರೂ ಏನು ಹೇಳಿಯಾನು?

ಈ ಖಾಲಿ ಕುರ್ಚಿಯ ಕಾಲದಲ್ಲೇ ಕವಾಡಿಗರಹಟ್ಟಿಯ ದುರಂತ ನಡೆಯಿತು. 2023ರ ಜುಲೈ ಕೊನೆಯಲ್ಲಿ, ಆಗಸ್ಟ್ ಮೊದಲ ವಾರದಲ್ಲಿ ಚಿತ್ರದುರ್ಗ ನಗರದೊಳಗಿನ ಆ ದಲಿತ ಕೇರಿಯ ಜನ ಕಲುಷಿತ ನೀರು ಕುಡಿದು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಕನಿಷ್ಠ ಐವರು ಸತ್ತರು. ಕಾಯಿಲೆ ಬಿದ್ದವರು ನೂರಕ್ಕೂ ಮೇಲೆ. ನಗರಸಭೆಯ ಕೆಲವರು ಅಮಾನತಾದರು. ನೀರು ಸಾರಿಗೆಯೂ ಅಲ್ಲ, ಪೊಲೀಸೂ ಅಲ್ಲ, ವಸತಿಯೂ ಅಲ್ಲ ಎನ್ನಬಹುದು. ಮೂರೂ ಅಲ್ಲಿ ಒಟ್ಟಿಗೇ ಇದ್ದವು ಎಂಬುದು ನನ್ನ ಅಭಿಪ್ರಾಯ. ಬಡವರಿಗೆ ಮನೆ ಎಲ್ಲಿ ಸಿಗುತ್ತದೆ, ಆ ಮನೆಗೆ ಪೈಪು ಯಾವ ಚರಂಡಿ ಹಾದು ಬರುತ್ತದೆ ಎಂಬುದು ವಸತಿಯ ಪ್ರಶ್ನೆ. ಮಧ್ಯರಾತ್ರಿ ಆಸ್ಪತ್ರೆ ಮುಟ್ಟುವುದು ಹೇಗೆ ಎಂಬುದು ಸಾರಿಗೆಯ ಪ್ರಶ್ನೆ. ಸಾವಾದ ಮೇಲೆ ಯಾರ ಮೇಲೆ ಪ್ರಕರಣ, ಯಾವ ಕಲಮಿನಲ್ಲಿ ಎಂಬುದು ಪೊಲೀಸಿನ ಪ್ರಶ್ನೆ. ಅಮಾನತಿನಿಂದ ಸರ್ಕಾರ ಸಿಬ್ಬಂದಿಯನ್ನು ಶಿಕ್ಷಿಸಿತು. ಪೈಪಿನ ಬಗ್ಗೆ ದೂರು ಮೊದಲೇ ಬಂದಿದ್ದರೆ ಅದನ್ನು ಯಾವ ಸಭೆಯಲ್ಲಿ, ಯಾರ ಮುಂದೆ ಎತ್ತಬೇಕಿತ್ತು ಎಂಬುದಕ್ಕೆ ಅಮಾನತು ಉತ್ತರವಲ್ಲ.

ಸಾರಿಗೆಯ ಕಡೆಗೆ ಬರೋಣ. ಚಿತ್ರದುರ್ಗ, ದಾವಣಗೆರೆ, ಶಿವಮೊಗ್ಗ ಸೀಮೆ ಮೊದಲಿನಿಂದಲೂ ಖಾಸಗಿ ಬಸ್ಸಿನ ಸೀಮೆ. ಹೊಸದುರ್ಗ, ಹೊಳಲ್ಕೆರೆ ಹಳ್ಳಿಗಳ ಜನ ಸಂತೆಗೂ ಕಾಲೇಜಿಗೂ ಆ ಬಸ್ಸುಗಳನ್ನೇ ನೆಚ್ಚಿದವರು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗ ಸರ್ಕಾರಿ ಬಸ್ಸಿರುವ ದಾರಿಯ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಾಯಿತು. ಖಾಸಗಿ ಬಸ್ಸೇ ಗತಿಯಾದ ದಾರಿಯವರು ದುಡ್ಡು ಕೊಟ್ಟೇ ಓಡಾಡಬೇಕಾಯಿತು. ನಮ್ಮೂರಿಗೂ ಸರ್ಕಾರಿ ಬಸ್ಸು ಬಿಡಿ ಎಂಬ ಬೇಡಿಕೆ ಹೋಗುವುದು ಡಿಪೊಗೆ, ಶಾಸಕರಿಗೆ, ಪತ್ರಿಕೆಗೆ. ಪುರಸಭೆಯ ಕಾರ್ಯಸೂಚಿಯಲ್ಲಿ ಅದಕ್ಕೆ ಜಾಗವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಮು ವಾಹನ ನಿಲ್ಲುವ ಜಾಗವನ್ನು ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಿ ಗುರುತಿಸಬೇಕು ಎನ್ನುತ್ತದೆ. ಅಧ್ಯಕ್ಷರ ಕೈಯಲ್ಲಿರುವ ಸಣ್ಣ ಹಿಡಿ ಅದು. ಸಮಾಲೋಚನೆಯ ಪತ್ರ ಎಲ್ಲಿದೆ, ನಗರಸಭೆ ಏನು ಅಭಿಪ್ರಾಯ ಕೊಟ್ಟಿತು ಎಂದು ಯಾರು ಬೇಕಾದರೂ ಮಾಹಿತಿ ಹಕ್ಕಿನಲ್ಲಿ ಕೇಳಬಹುದು.

ಹಿರಿಯೂರಿನ ಕಥೆ ಹೆದ್ದಾರಿಯದು. ಬೆಂಗಳೂರು–ಪುಣೆ ಹೆದ್ದಾರಿಯೂ ಜೇವರ್ಗಿ ಕಡೆಯಿಂದ ಚಾಮರಾಜನಗರಕ್ಕೆ ಇಳಿಯುವ ಹೆದ್ದಾರಿಯೂ ಕೂಡುವ ಊರದು. 2020ರ ಆಗಸ್ಟಿನಲ್ಲಿ ವಿಜಯಪುರದಿಂದ ಬೆಂಗಳೂರಿಗೆ ಹೊರಟ ಖಾಸಗಿ ಬಸ್ಸಿಗೆ ಹಿರಿಯೂರಿನ ಬಳಿ ಬೆಂಕಿ ಹತ್ತಿ ಐವರು ಸತ್ತರು. ಬಸ್ಸು ರಸ್ತೆಗಿಳಿಯಲು ಯೋಗ್ಯವೇ ಎಂದು ನೋಡುವವರು ಸಾರಿಗೆ ಇಲಾಖೆ, ರಸ್ತೆ ನೋಡುವವರು ಹೆದ್ದಾರಿ ಪ್ರಾಧಿಕಾರ, ತನಿಖೆ ಪೊಲೀಸರದು. ಇಂಥ ಹೊತ್ತಿನಲ್ಲಿ ಗಾಯಾಳುಗಳಿಗೆ ಮೊದಲು ಒದಗುವ ಊರು ಹಿರಿಯೂರು. ಆದರೂ ಹೆದ್ದಾರಿಯ ಸುರಕ್ಷತೆಯ ತೀರ್ಮಾನದಲ್ಲಿ ಅದರ ನಗರಸಭೆಗೆ ಹೇಳಿಕೊಳ್ಳುವಂಥ ಪಾಲಿಲ್ಲ.

ಪೊಲೀಸಿನ ವಿಷಯದಲ್ಲಿ ಚರಿತ್ರೆ ಇನ್ನೂ ನಿಧಾನ. 1963ರ ಪೊಲೀಸ್ ಕಾಯ್ದೆಯಲ್ಲಿ ಠಾಣೆ ಉತ್ತರ ಹೇಳುವುದು ಮೇಲಿನವರಿಗೆ, ವರಿಷ್ಠಾಧಿಕಾರಿಗಳಿಗೆ, ಸರ್ಕಾರಕ್ಕೆ. ಊರಿನ ಚುನಾಯಿತರಿಗಲ್ಲ. ಇದರಲ್ಲಿ ಒಂದು ಒಳ್ಳೆಯದೂ ಇದೆ. ವಾರ್ಡಿನ ರಾಜಕೀಯ ಠಾಣೆಯೊಳಗೆ ನುಗ್ಗಿದರೆ ಬಡವನ ದೂರಿಗೆ ಗತಿಯಿಲ್ಲ. 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪೊಲೀಸರ ಮೇಲಿನ ದೂರುಗಳಿಗೆ ಪ್ರತ್ಯೇಕ ಪ್ರಾಧಿಕಾರ ಬೇಕು ಎಂದಿತು. 2012ರಲ್ಲಿ ಕರ್ನಾಟಕ ಕಾಯ್ದೆ ತಿದ್ದಿ ರಾಜ್ಯ, ಜಿಲ್ಲೆ ಎರಡೂ ಮಟ್ಟದಲ್ಲಿ ಅದಕ್ಕೆ ಜಾಗ ಮಾಡಿತು. ಜಿಲ್ಲೆಯಲ್ಲಿ ಅಂಥದ್ದೊಂದು ಪ್ರಾಧಿಕಾರ ಇದೆ ಎಂದು ಗಾಂಧಿ ವೃತ್ತದಲ್ಲಿ ನಿಂತು ಕೇಳಿದರೆ ಬಲ್ಲವರು ಎಷ್ಟು ಮಂದಿ ಸಿಕ್ಕಾರು? 2017ರ ಹೊಸ ಬೀಟ್ ವ್ಯವಸ್ಥೆ, 2025ರ ಮನೆ ಮನೆಗೆ ಪೊಲೀಸ್ ಇವು ಠಾಣೆಯನ್ನು ಬೀದಿಗೆ ತಂದವು. ಬೀದಿಯ ಜನರಿಗೆ ಠಾಣೆಯನ್ನು ಪ್ರಶ್ನಿಸುವ ಅಧಿಕಾರವನ್ನು ಅವು ಕೊಡಲಿಲ್ಲ. ಪೊಲೀಸರು ಕರೆಯುವ ಪರಿಶಿಷ್ಟರ ಕುಂದುಕೊರತೆ ಸಭೆಯೊಂದೇ ಈ ಮಟ್ಟಿಗೆ ಬೇರೆ. ಅಲ್ಲಿ ಅಧಿಕಾರಿ ಕೂತು, ಜನ ಎದ್ದು ನಿಂತು ಕೇಳುತ್ತಾರೆ.

ವಸತಿಗೆ ಬಂದರೆ ಅಧಿಕಾರ ಊರಿನಿಂದ ಇನ್ನೂ ದೂರ. ಕೊಳೆಗೇರಿ ಕಾಯ್ದೆ 1973ರದು, ಅದರ ಮಂಡಳಿ ಬೆಂಗಳೂರಿನದು. 1991-92ರಲ್ಲಿ ಆಶ್ರಯ ಯೋಜನೆ ಬಂತು. 2000ದಲ್ಲಿ ರಾಜೀವ್ ಗಾಂಧಿ ವಸತಿ ನಿಗಮ, 2015ರಲ್ಲಿ ಪ್ರಧಾನಮಂತ್ರಿ ಆವಾಸ್. ನಿವೇಶನ, ಮನೆ ಯಾರಿಗೆ ಎಂದು ತೀರ್ಮಾನಿಸುವ ಆಶ್ರಯ ಸಮಿತಿಗೆ ಅಧ್ಯಕ್ಷರು ಕ್ಷೇತ್ರದ ಶಾಸಕರು. ಬಡಾವಣೆಗೆ ಅನುಮೋದನೆ ಕೊಡುವುದು ಚಿತ್ರದುರ್ಗ ನಗರಾಭಿವೃದ್ಧಿ ಪ್ರಾಧಿಕಾರ. ಅದರ ಅಧ್ಯಕ್ಷರನ್ನು ನೇಮಿಸುವುದು ಸರ್ಕಾರ. ಆ ಬಡಾವಣೆಗೆ ಚರಂಡಿ ಇಲ್ಲ, ದೀಪ ಇಲ್ಲ ಎಂಬ ದೂರು ಹೊತ್ತು ಬರುವವರು ಮಾತ್ರ ನಗರಸಭೆಯ ಬಾಗಿಲಿಗೇ ಬರುತ್ತಾರೆ. ಫಲಾನುಭವಿಗಳ ಪಟ್ಟಿಯನ್ನು ವಾರ್ಡಿನ ಜನರ ಮುಂದೆ ಗಟ್ಟಿಯಾಗಿ ಓದಿ ಹೇಳುವ ಕಟ್ಟಳೆ ನಗರದಲ್ಲಿ ಇಲ್ಲದಿರುವುದು ಈ ಇಡೀ ವ್ಯವಸ್ಥೆಯ ಅತಿ ದೊಡ್ಡ ಲೋಪ ಎಂದು ನಾನು ನಂಬಿದ್ದೇನೆ.

ಕೇಳುವ ಸಾಧನಗಳು ಇಲ್ಲವೆಂದಲ್ಲ. 1984ರ ಲೋಕಾಯುಕ್ತ ಕಾಯ್ದೆ, 2005ರ ಮಾಹಿತಿ ಹಕ್ಕು, ಖಾತೆಗೂ ಪರವಾನಗಿಗೂ ದಿನಗಳ ಗಡುವು ಹಾಕಿದ 2011ರ ಸಕಾಲ ಕಾಯ್ದೆ, ಆಯವ್ಯಯಕ್ಕೆ ಮೊದಲು ನಗರಸಭೆ ಕರೆಯುವ ಪೂರ್ವಭಾವಿ ಸಭೆ. ಇವೆಲ್ಲ ಒಬ್ಬೊಬ್ಬರೇ ಅರ್ಜಿ ಹಿಡಿದು ಹೋಗುವ ದಾರಿಗಳು, ಇಲ್ಲವೇ ವರ್ಷಕ್ಕೊಮ್ಮೆಯ ಶಾಸ್ತ್ರ. ತಿಂಗಳಿಗೊಮ್ಮೆ ನಡೆಯಬೇಕಾದ ಸಾಮಾನ್ಯ ಸಭೆಯಲ್ಲಿ ಸದಸ್ಯರು ಪೌರಾಯುಕ್ತರನ್ನು ತರಾಟೆಗೆ ತೆಗೆದುಕೊಳ್ಳುವುದನ್ನು ಮರುದಿನದ ಪತ್ರಿಕೆಯಲ್ಲಿ ಓದುತ್ತೇವೆ. ಡಿಪೊ ವ್ಯವಸ್ಥಾಪಕರು, ಸಂಚಾರ ಠಾಣೆಯ ಅಧಿಕಾರಿ, ಪ್ರಾಧಿಕಾರದ ಆಯುಕ್ತರು ಆ ಕೊಠಡಿಯಲ್ಲಿ ಇರುವುದಿಲ್ಲ.

ಒಂದು ಹೋಲಿಕೆ ನನ್ನನ್ನು ಬಹಳ ಕಾಡುತ್ತದೆ. ಚಿತ್ರದುರ್ಗದ ಗಡಿ ದಾಟಿ ಪಕ್ಕದ ಗ್ರಾಮ ಪಂಚಾಯಿತಿಗೆ ಕಾಲಿಟ್ಟರೆ ಗ್ರಾಮಸಭೆ ಕಾನೂನಿನ ಹಕ್ಕು. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು, ವಸತಿ ಫಲಾನುಭವಿಗಳ ಆಯ್ಕೆ ಅಲ್ಲೇ ಆಗಬೇಕು. ನಗರದವನಿಗೆ ಅಂಥ ಹಕ್ಕಿಲ್ಲ. ಸಂವಿಧಾನದ 243ಎಸ್ ವಿಧಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರುವುದು ಮೂರು ಲಕ್ಷ ಜನಸಂಖ್ಯೆ ದಾಟಿದ ಊರುಗಳಿಗೆ. 2011ರ ಜನಗಣತಿಯಲ್ಲಿ ಒಂದೂವರೆ ಲಕ್ಷ ಮುಟ್ಟದ ಚಿತ್ರದುರ್ಗಕ್ಕೇ ಅದು ದಕ್ಕುವುದಿಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮಾತು ಬೇಡ. ಹಳ್ಳಿಗೂ ಮಹಾನಗರಕ್ಕೂ ನಡುವಿನ ಈ ಊರುಗಳ ಪ್ರಜೆಗೆ ಸಭೆಯಲ್ಲಿ ಎದ್ದು ನಿಲ್ಲುವ ಹಕ್ಕೇ ಕೈತಪ್ಪಿದೆ.

ಇದನ್ನು ಸರಿಪಡಿಸಲು ಸಂವಿಧಾನ ತಿದ್ದಬೇಕಿಲ್ಲ. ಮೂರು ಲಕ್ಷಕ್ಕಿಂತ ಕಡಿಮೆ ಜನರಿರುವ ಊರುಗಳಲ್ಲೂ ವಾರ್ಡ್ ಸಭೆ ಕಡ್ಡಾಯವೆಂದು ರಾಜ್ಯ ಸರ್ಕಾರವೇ ಕಾನೂನು ಮಾಡಬಹುದು. ಆಶ್ರಯ ಪಟ್ಟಿಯನ್ನು ಅಲ್ಲಿ ಓದಿಸಬಹುದು. ವರ್ಷಕ್ಕೆ ಕೆಲವು ಸಲವಾದರೂ ಸಾರಿಗೆ, ಪೊಲೀಸ್, ಪ್ರಾಧಿಕಾರದ ಅಧಿಕಾರಿಗಳು ನಗರಸಭೆಗೆ ಬಂದು ಸಾರ್ವಜನಿಕರ ಎದುರು ಉತ್ತರಿಸಬೇಕೆಂದು ಆದೇಶಿಸಬಹುದು. ಕಾನೂನು ಬರುವವರೆಗೆ ಕಾಯಬೇಕಾದ ಅಗತ್ಯವೂ ಇಲ್ಲ. ಮುಂದಿನ ಸಲ ನಿಮ್ಮ ವಾರ್ಡಿನಲ್ಲಿ ಮತ ಕೇಳಲು ಬಂದವರನ್ನು ಒಂದೇ ಮಾತು ಕೇಳಿ: ಗೆದ್ದರೆ ಮೂರು ತಿಂಗಳಿಗೊಮ್ಮೆ ಇದೇ ಬೀದಿಯಲ್ಲಿ ಸಭೆ ಕರೆಯುತ್ತೀರಾ, ಅಧಿಕಾರಿಗಳನ್ನು ಕರೆತರುತ್ತೀರಾ? ಒಪ್ಪಿದವರ ಮಾತನ್ನು ಬರೆದಿಟ್ಟುಕೊಳ್ಳಿ.