ಹಳೆಯ ವಿದ್ಯಾರ್ಥಿನಿಯರ ದತ್ತಿ ಬಹುಮಾನ: ನಂಜನಗೂಡು, ತಿ. ನರಸೀಪುರದ ಹೆಣ್ಣುಮಕ್ಕಳ ಶಾಲೆಗಳಿಗೊಂದು ಮಾಹಿತಿ ಲೇಖನ

ತಾವು ಓದಿದ ಶಾಲೆಗೆ ಹಳೆಯ ವಿದ್ಯಾರ್ಥಿನಿಯರು ಒಂದು ಮೊತ್ತ ಕೊಟ್ಟು, ಅದರ ಬಡ್ಡಿಯಿಂದ ಪ್ರತಿವರ್ಷ ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿಯ ವಿದ್ಯಾರ್ಥಿನಿಯರಿಗೆ ಬಹುಮಾನ ನೀಡುವ ಏರ್ಪಾಡಿಗೆ ದತ್ತಿ ಬಹುಮಾನ ಎನ್ನುತ್ತೇವೆ. ಕೊಟ್ಟ ಮೂಲಧನ ಹಾಗೆಯೇ ಇರುತ್ತದೆ, ಬಡ್ಡಿ ಮಾತ್ರ ಖರ್ಚಾಗುತ್ತದೆ. ತಾಯಿಯ ಹೆಸರಿನಲ್ಲಿ, ತೀರಿಕೊಂಡ ಗುರುಗಳ ಹೆಸರಿನಲ್ಲಿ, ಕೆಲವೊಮ್ಮೆ ಇಡೀ ಬ್ಯಾಚಿನ ಹೆಸರಿನಲ್ಲಿ ಇವು ಸ್ಥಾಪನೆಯಾಗುತ್ತವೆ. ನಮ್ಮ ಸಮಾಜದ ಸಂಘಗಳು ಪ್ರತಿವರ್ಷ ನಡೆಸುವ ಪ್ರತಿಭಾ ಪುರಸ್ಕಾರಕ್ಕಿಂತ ಇದು ಬೇರೆ. ಅಲ್ಲಿ ಸಮಾಜದ ಮಕ್ಕಳಿಗೆ ಸನ್ಮಾನವಾದರೆ, ಇಲ್ಲಿ ಆ ಶಾಲೆಯ ಯಾವ ಹುಡುಗಿಗಾದರೂ ಬಹುಮಾನ ದೊರೆಯುತ್ತದೆ. ದಕ್ಷಿಣ ಕನ್ನಡ, ಬೆಳಗಾವಿ ಜಿಲ್ಲೆಗಳಷ್ಟು ಜೈನ ಮನೆಗಳಿಲ್ಲದ ನಂಜನಗೂಡು, ತಿ. ನರಸೀಪುರದಂಥ ತಾಲ್ಲೂಕುಗಳಲ್ಲಿ ನಮ್ಮ ಹೆಣ್ಣುಮಕ್ಕಳು ಎಲ್ಲರ ಜೊತೆ ಒಂದೇ ಬೆಂಚಿನಲ್ಲಿ ಕುಳಿತು ಓದುವವರು. ಆದ್ದರಿಂದ ಈ ಭಾಗದ ಕುಟುಂಬಗಳು ದತ್ತಿ ಇಡಬೇಕೆಂದಾಗ ಶಾಲೆಯ ದಾರಿಯೇ ಹೆಚ್ಚು ಸಹಜ.

ಹಿಂದಿನಿಂದ ಬಂದದ್ದು

ವಿದ್ಯೆಗೆಂದು ಮಹಿಳೆಯರು ಕೊಟ್ಟ ದಾನದ ಮಾತು ಬಂದಾಗ ನಮ್ಮಲ್ಲಿ ಮೊದಲು ನೆನಪಾಗುವವರು ದಾನಚಿಂತಾಮಣಿ ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವರು, ರನ್ನ ಕವಿಗೆ ಆಶ್ರಯವಿತ್ತು 993ರ ಅಜಿತಪುರಾಣಕ್ಕೆ ಕಾರಣರಾದವರು. ಮೈಸೂರು ಸೀಮೆಯ ಹತ್ತಿರದ ಉದಾಹರಣೆಯೂ ಇದೆ. ಕನಕಗಿರಿ ಕ್ಷೇತ್ರವಿರುವ ಮಲೆಯೂರಿನ ದೇವಚಂದ್ರ 1838ರಲ್ಲಿ ರಾಜಾವಳೀ ಕಥೆಯನ್ನು ರಚಿಸಿದ್ದು ಮೈಸೂರು ಅರಸು ಮನೆತನದ ದೇವೀರಮ್ಮಣ್ಣಿಯವರಿಗಾಗಿ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನವನ್ನು ಇಂದು ಶಾಲೆಯ ಮಕ್ಕಳಿಗೂ ಅನ್ವಯಿಸಿ ಹೇಳುವುದು ರೂಢಿಯಲ್ಲಿದೆ.

ಆದರೆ ಅತ್ತಿಮಬ್ಬೆ ಯಾವ ಶಾಲೆಯ ಹಳೆಯ ವಿದ್ಯಾರ್ಥಿನಿಯೂ ಅಲ್ಲ. ಓದಿದ ಹೆಣ್ಣೇ ಹಿಂತಿರುಗಿ ಕೊಡಬೇಕಾದರೆ ಮೊದಲು ಹೆಣ್ಣುಮಕ್ಕಳ ಶಾಲೆ ಇರಬೇಕು. ಮೈಸೂರಿನಲ್ಲಿ ಅದು ಆದದ್ದು 1881ರಲ್ಲಿ, ಹತ್ತನೆಯ ಚಾಮರಾಜ ಒಡೆಯರ ಆಶ್ರಯದಲ್ಲಿ ಅಂಬಿಲ್ ನರಸಿಂಹ ಅಯ್ಯಂಗಾರ್ಯರ ಮುಂದಾಳತ್ವದಲ್ಲಿ ಮಹಾರಾಣಿ ಬಾಲಿಕಾ ಪಾಠಶಾಲೆ ತೆರೆದಾಗ. ವಾಣಿವಿಲಾಸ ಸನ್ನಿಧಾನದ ಪ್ರೋತ್ಸಾಹದಿಂದ ಅದು ಬೆಳೆದು ಮುಂದೆ ಮಹಾರಾಣಿ ಕಾಲೇಜಾಯಿತು. 1891ರಲ್ಲಿ ಮೈಸೂರು-ನಂಜನಗೂಡು ರೈಲು ಬಂದ ಮೇಲೂ ಹಳ್ಳಿಯ ಹುಡುಗಿಗೆ ಆ ಶಾಲೆ ದೂರವೇ ಆಗಿತ್ತು. ತಾಲ್ಲೂಕು ಕೇಂದ್ರಗಳಲ್ಲಿ ಬಾಲಿಕೆಯರಿಗೆಂದೇ ಪ್ರೌಢಶಾಲೆ, ಪದವಿಪೂರ್ವ ಕಾಲೇಜುಗಳು ಬಂದ ನಂತರವೇ ಸಾಮಾನ್ಯ ಮನೆಗಳಲ್ಲಿ ಅಜ್ಜಿ, ತಾಯಿ, ಮಗಳು ಒಂದೇ ಶಾಲೆಯ ಹೆಸರು ಹೇಳುವಂತಾಯಿತು. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದ ಘಟಿಕೋತ್ಸವದಲ್ಲಿ ಓದಿ ಹೇಳುವ ಚಿನ್ನದ ಪದಕಗಳ ಪಟ್ಟಿಯೂ ದತ್ತಿಗಳ ಪಟ್ಟಿಯೇ, ಒಂದೊಂದು ಪದಕದ ಹಿಂದೆ ಒಂದೊಂದು ಕುಟುಂಬ ಇಟ್ಟ ಮೂಲಧನವಿರುತ್ತದೆ. ಈಚಿನ ವರ್ಷಗಳಲ್ಲಿ ಅವುಗಳನ್ನು ಬಹುಪಾಲು ಹೆಣ್ಣುಮಕ್ಕಳೇ ಬಾಚಿಕೊಳ್ಳುತ್ತಿದ್ದಾರೆ. ಶಾಲೆಯ ದತ್ತಿ ಅದೇ ಕ್ರಮದ ಚಿಕ್ಕ ರೂಪ.

ಬಡ್ಡಿ ಕರಗುವ ಕಥೆ

ಹಳೆಯ ದತ್ತಿಗಳ ದೊಡ್ಡ ಕಷ್ಟ ಇದು. 1990ರ ದಶಕದಲ್ಲಿ ಬ್ಯಾಂಕಿನ ಮುದ್ದತು ಠೇವಣಿಗೆ ಶೇ 10ಕ್ಕೂ ಮೀರಿ ಬಡ್ಡಿ ಸಿಗುತ್ತಿತ್ತು. ಶೇ 12ರ ಲೆಕ್ಕ ಹಿಡಿದರೆ 10,000 ರೂಪಾಯಿಗೆ ವರ್ಷಕ್ಕೆ 1,200 ಬರುತ್ತಿತ್ತು, ಅಂದಿನ ದಿನಗಳಲ್ಲಿ ಒಬ್ಬ ಹುಡುಗಿಯ ವರ್ಷದ ಪುಸ್ತಕ, ಸಮವಸ್ತ್ರ ನೀಗಿಸುವಷ್ಟು ಹಣ. ಇಂದು ಶೇ 6.5 ಸಿಕ್ಕರೆ ಅದೇ ಠೇವಣಿಗೆ 650 ರೂಪಾಯಿ. ಅಷ್ಟರಲ್ಲಿ ಪುಸ್ತಕದ ಬೆಲೆ ಎಲ್ಲಿಗೆ ಹೋಗಿದೆಯೆಂದು ಮನೆಯಲ್ಲಿ ಮಕ್ಕಳಿರುವವರಿಗೆ ಹೇಳಬೇಕಿಲ್ಲ. ನಾನು ಕುಳಿತಿದ್ದ ಒಂದು ಶಾಲಾ ವಾರ್ಷಿಕೋತ್ಸವದಲ್ಲಿ ವೇದಿಕೆಯಿಂದ ದಾನಿಯ ಪರಿಚಯವನ್ನು ಐದು ನಿಮಿಷ ಓದಿದರು, ಹುಡುಗಿಯ ಕೈಗೆ ಬಂದ ಲಕೋಟೆಯಲ್ಲಿ 251 ರೂಪಾಯಿ ಇತ್ತು. ದಾನಿಯ ತಪ್ಪಲ್ಲ, ಆಕೆ ಕೊಟ್ಟಾಗ ಅದು ದೊಡ್ಡ ಮೊತ್ತವೇ. ಮೂಲಧನ ಬೆಳೆಯುವ ಏರ್ಪಾಡನ್ನು ಯಾರೂ ಮಾಡಿರಲಿಲ್ಲ, ಅಷ್ಟೆ.

ಇದಕ್ಕೆ ಪರಿಹಾರ ಸರಳ, ಪ್ರತಿವರ್ಷ ಬಡ್ಡಿಯ ಒಂದು ಪಾಲನ್ನು ಅಸಲಿಗೆ ಮರಳಿ ಸೇರಿಸುವುದು. ಉದಾಹರಣೆಗೆ 40 ಮಂದಿ ಹಳೆಯ ವಿದ್ಯಾರ್ಥಿನಿಯರು ತಲಾ 2,600 ರೂಪಾಯಿ ಹಾಕಿದರೆ 1,04,000 ಆಗುತ್ತದೆ. ಶೇ 6.5ರಂತೆ ವರ್ಷಕ್ಕೆ 6,760 ಬಡ್ಡಿ. ಅದರಲ್ಲಿ 5,000 ಬಹುಮಾನಕ್ಕೆ, ಉಳಿದ 1,760 ಅಸಲಿಗೆ. ಮೊದಲ ವರ್ಷವೇ ಪೂರ್ತಿ ಬಡ್ಡಿ ಹಂಚಿಬಿಡುವ ಆಸೆಗೆ ಬೀಳಬಾರದು. ಈ ಅನುಪಾತವನ್ನು ದತ್ತಿಪತ್ರದಲ್ಲೇ ಬರೆದಿಡದಿದ್ದರೆ ಮುಂದೆ ಬರುವ ಪದಾಧಿಕಾರಿಗಳಿಗೆ ಅದು ಗೊತ್ತಾಗುವುದೇ ಇಲ್ಲ.

ಮೂಲಧನ ಕೂಡಿಸಲಾಗದವರು ವರ್ಷವರ್ಷ ವಂತಿಗೆ ಹಾಕುವುದೂ ಉಂಟು. 25 ಮಂದಿ ಸಾವಿರ ಸಾವಿರ ಕೊಟ್ಟರೆ ಆ ವರ್ಷವೇ 25,000 ರೂಪಾಯಿ ಮಕ್ಕಳಿಗೆ ತಲುಪುತ್ತದೆ. ಆದರೆ ವಾಟ್ಸಾಪ್ ಗುಂಪಿನ ಉತ್ಸಾಹ ಮೂರನೆಯ ವರ್ಷಕ್ಕೆ ತಣ್ಣಗಾಗುವುದನ್ನು ಎಲ್ಲರೂ ಕಂಡಿದ್ದೇವೆ.

ಯಾರಿಗೆ, ಯಾವಾಗ

ಹೆಚ್ಚಿನ ದತ್ತಿಗಳು ಶಾಲೆಗೆ ಪ್ರಥಮ ಬಂದವಳಿಗೆ. 625ಕ್ಕೆ ಅತಿ ಹೆಚ್ಚು ಅಂಕ, ಅಥವಾ ಕನ್ನಡದಲ್ಲಿ, ಗಣಿತದಲ್ಲಿ ಅತಿ ಹೆಚ್ಚು ಅಂಕ ಎಂಬ ಷರತ್ತು. ಇದರಲ್ಲಿ ತಕರಾರಿಲ್ಲ, ನಿರ್ಣಯವೂ ಸುಲಭ. ತೊಂದರೆಯೆಂದರೆ ಐದು ದತ್ತಿಗಳಿರುವ ಶಾಲೆಯಲ್ಲಿ ಐದೂ ಒಬ್ಬಳಿಗೇ ಹೋಗುತ್ತವೆ, ಆಕೆಗೆ ಊರಿನ ಬೇರೆ ಸಂಘಗಳಿಂದಲೂ ಸನ್ಮಾನ ಇದ್ದೇ ಇರುತ್ತದೆ. ಶೇ 60 ಅಂಕ ಪಡೆದು, ಮುಂದೆ ಓದಿಸುವುದೋ ಬೇಡವೋ ಎಂದು ಮನೆಯಲ್ಲಿ ಮಾತು ನಡೆಯುತ್ತಿರುವ ಹುಡುಗಿಯ ಕಡೆ ಯಾರೂ ನೋಡುವುದಿಲ್ಲ. ಹತ್ತನೆಯ ತರಗತಿ ಮುಗಿದ ಬೇಸಿಗೆಯೇ ಅವಳ ಓದು ನಿಲ್ಲುವ ಅಥವಾ ಮುಂದುವರಿಯುವ ಸಮಯ. ನನ್ನ ಅಭಿಪ್ರಾಯದಲ್ಲಿ ಹೊಸದಾಗಿ ದತ್ತಿ ಇಡುವವರು ಪ್ರಥಮ ಸ್ಥಾನದ ಬಹುಮಾನವನ್ನು ಹಳೆಯ ದತ್ತಿಗಳಿಗೇ ಬಿಟ್ಟು, ಪಿಯುಸಿಗೆ ಸೇರುವವಳಿಗೆ ಎಂಬ ಷರತ್ತು ಹಾಕುವುದು ಒಳ್ಳೆಯದು. ಪೂರ್ವಸಿದ್ಧತಾ ಪರೀಕ್ಷೆಯಿಂದ ಅಂತಿಮ ಪರೀಕ್ಷೆಗೆ ಹೆಚ್ಚು ಅಂಕ ಏರಿಸಿಕೊಂಡವಳಿಗೆ ಎಂಬ ಷರತ್ತೂ ಇಡಬಹುದು, ಅದಕ್ಕೆ ಶಾಲೆಯ ಅಂಕಪಟ್ಟಿಯೇ ಸಾಕು.

ಪಿಯುಸಿಯ ಎರಡು ವರ್ಷಗಳಿಗೆ ಯಾಕೆ ಒತ್ತು ಎಂದರೆ, ಅಲ್ಲಿಯೇ ನೆರವು ತೆಳುವಾಗಿದೆ. ಸರ್ಕಾರಿ ಶಾಲೆ-ಕಾಲೇಜುಗಳಲ್ಲಿ ಹತ್ತು, ಹನ್ನೆರಡನೆಯ ತರಗತಿ ಮುಗಿಸಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೊಡುವ ವರ್ಷಕ್ಕೆ 30,000 ರೂಪಾಯಿಯ ವಿದ್ಯಾರ್ಥಿವೇತನ ಪದವಿ ಅಥವಾ ಡಿಪ್ಲೊಮಾಕ್ಕೆ ಸೇರಿದ ಮೇಲಿನದು. ಸರ್ಕಾರಿ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಸ್ಸೂ ಉಚಿತ, ಹಾಗಾಗಿ ಸುಮಾರು 25 ಕಿಲೋಮೀಟರ್ ದೂರದ ನಂಜನಗೂಡಿನಿಂದಲೋ ಅದಕ್ಕಿಂತ ತುಸು ದೂರದ ತಿ. ನರಸೀಪುರದಿಂದಲೋ ದಿನವೂ ಮೈಸೂರಿಗೆ ಹೋಗಿಬರುವುದಕ್ಕೆ ಟಿಕೆಟ್ಟಿನ ಚಿಂತೆಯಿಲ್ಲ. ತಲಕಾಡು, ಮೂಗೂರು, ಹುಲ್ಲಹಳ್ಳಿ ಕಡೆಯಿಂದ ಬರುವವರಿಗೆ ಬಸ್ಸಿನ ಹೊತ್ತಿನದೇ ಚಿಂತೆ, ಅದು ಬೇರೆ ಮಾತು. ಉಳಿಯುವ ಖರ್ಚು ಪುಸ್ತಕ, ವಿಜ್ಞಾನ ತೆಗೆದುಕೊಂಡವರಿಗೆ ಮನೆಪಾಠ, ಹಾಸ್ಟೆಲ್ ಸಿಗದಿದ್ದರೆ ರೂಮಿನ ಬಾಡಿಗೆ. ದತ್ತಿಯ ಐದು ಸಾವಿರ ಇದನ್ನೆಲ್ಲ ತುಂಬುವುದಿಲ್ಲ. ಆದರೆ ಪುಸ್ತಕಗಳ ಮಟ್ಟಿಗೆ ಒದಗುತ್ತದೆ, ಶಾಲೆ ಆಕೆಯನ್ನು ಗಮನಿಸಿದೆ ಎಂಬುದು ಅಪ್ಪ-ಅಮ್ಮನಿಗೂ ಗೊತ್ತಾಗುತ್ತದೆ.

ಕಾಲವೂ ಮುಖ್ಯ. ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆ ಮಾರ್ಚ್-ಏಪ್ರಿಲ್‌ನಲ್ಲಿ ಮುಗಿದು, ಫಲಿತಾಂಶ ಬಂದ ಕೂಡಲೇ ಪಿಯುಸಿ ದಾಖಲಾತಿ ಶುರುವಾಗುತ್ತದೆ. ಬಹುಮಾನ ವಿತರಣೆಯನ್ನು ಡಿಸೆಂಬರ್-ಜನವರಿಯ ವಾರ್ಷಿಕೋತ್ಸವಕ್ಕೆ ಇಟ್ಟುಕೊಂಡರೆ ಹಣ ಬೇಕಾದ ಹೊತ್ತು ದಾಟಿ ಅರ್ಧ ವರ್ಷವಾಗಿರುತ್ತದೆ. ಹುಡುಗಿಯೂ ಆಗ ಬೇರೆ ಕಾಲೇಜಿನಲ್ಲಿರುತ್ತಾಳೆ. ಜೂನ್‌ನಲ್ಲಿ ಹಣ ಖಾತೆಗೆ ಹಾಕಿ, ಪ್ರಮಾಣಪತ್ರವನ್ನು ಆಗಸ್ಟ್ 15ರಂದು ಕೊಟ್ಟರೆ ಎರಡೂ ನಡೆಯುತ್ತದೆ.

ಆರ್ಥಿಕ ಸ್ಥಿತಿ ನೋಡಿ ಕೊಡುವ ನೆರವಾದರೆ ಒಂದು ಎಚ್ಚರ. ಮನೆಯ ಬಡತನವನ್ನು ಮೈಕಿನಲ್ಲಿ ಓದಬಾರದು. ಹದಿನಾರರ ಹುಡುಗಿಗೆ ಅದರ ನೋವು ಬಹುಮಾನದ ಸಂತೋಷಕ್ಕಿಂತ ಹೆಚ್ಚು ದಿನ ಉಳಿಯುತ್ತದೆ. ಆಯ್ಕೆ ಮುಖ್ಯೋಪಾಧ್ಯಾಯಿನಿ ಮತ್ತು ಇಬ್ಬರು ಶಿಕ್ಷಕಿಯರ ಮಟ್ಟದಲ್ಲಿ ಮುಗಿಯಲಿ, ವೇದಿಕೆಯಲ್ಲಿ ಎಲ್ಲ ಬಹುಮಾನಗಳಿಗೂ ಒಂದೇ ಬಗೆಯ ಹೆಸರಿರಲಿ.

ಹಳೆಯ ವಿದ್ಯಾರ್ಥಿನಿಯರನ್ನು ಹುಡುಕುವುದು

ಗಂಡುಮಕ್ಕಳ ಶಾಲೆಗಿಂತ ಇಲ್ಲಿ ಕೆಲಸ ಹೆಚ್ಚು. ಮದುವೆಯಾಗಿ ಊರು ಬದಲಾಗಿರುತ್ತದೆ, ಹೆಸರಿನ ಮುಂದಿನ ಅಕ್ಷರ ಬದಲಾಗಿರುತ್ತದೆ, ಕೆಲವರ ಹೆಸರೇ ಬದಲಾಗಿರುತ್ತದೆ. ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿರುವುದು ತಂದೆಯ ಹೆಸರು ಮತ್ತು ತವರಿನ ವಿಳಾಸ. ಆದ್ದರಿಂದ ಹುಡುಕಾಟ ತವರುಮನೆಯಿಂದಲೇ ಶುರುವಾಗಬೇಕು, ಅಣ್ಣ-ತಮ್ಮಂದಿರನ್ನು, ಅತ್ತಿಗೆಯರನ್ನು ಕೇಳಬೇಕು. ನಂಜನಗೂಡಿನ ತೇರು, ತಿರುಮಕೂಡಲಿನ ಕುಂಭಮೇಳದಂಥ ಸಂದರ್ಭಗಳಲ್ಲಿ ಹೆಣ್ಣುಮಕ್ಕಳು ತವರಿಗೆ ಬಂದಿರುತ್ತಾರೆ, ಶಾಲೆಯಲ್ಲಿ ಒಂದು ಮಧ್ಯಾಹ್ನದ ಭೇಟಿ ಇಟ್ಟುಕೊಳ್ಳಲು ಅದೇ ಹೊತ್ತು. ದತ್ತಿಗೆ ಹೆಸರಿಡುವಾಗ ಶಾಲೆಯಲ್ಲಿದ್ದ ಹೆಸರನ್ನೂ ಸೇರಿಸಿ ಬರೆಸಿ. ಸಹಪಾಠಿಗಳು ಗುರುತಿಸುವುದು ಅದನ್ನೇ.

ಕಾಗದಪತ್ರ

ಹಣವನ್ನು ಒಬ್ಬರ ಸ್ವಂತ ಖಾತೆಯಲ್ಲಿ ಇಡಬೇಡಿ, ಎಷ್ಟೇ ನಂಬಿಕೆಯವರಾದರೂ. ಸರ್ಕಾರಿ ಪ್ರೌಢಶಾಲೆಯಾದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಪದವಿಪೂರ್ವ ಕಾಲೇಜಾದರೆ ಕಾಲೇಜು ಅಭಿವೃದ್ಧಿ ಸಮಿತಿ, ಖಾಸಗಿ ಶಾಲೆಯಾದರೆ ಆಡಳಿತ ಮಂಡಳಿಯ ಲಿಖಿತ ಒಪ್ಪಿಗೆ ಬೇಕು. ಹಳೆಯ ವಿದ್ಯಾರ್ಥಿನಿಯರದೇ ಸಂಘ ಕಟ್ಟುವುದಾದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ ಏಳು ಮಂದಿ ಸದಸ್ಯರು ಬೇಕು, ಪ್ರತಿವರ್ಷ ಸರ್ವಸದಸ್ಯರ ಸಭೆ ನಡೆಸಿ ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಸಂಘದ ಹೆಸರಿನಲ್ಲಿ ಪ್ಯಾನ್, ಇಬ್ಬರ ಜಂಟಿ ಸಹಿಯ ಬ್ಯಾಂಕ್ ಖಾತೆ ಇರಲಿ. ದಾನಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಬೇಕೆಂದರೆ ಸಂಘಕ್ಕೆ ತೆರಿಗೆ ಇಲಾಖೆಯಲ್ಲಿ ಪ್ರತ್ಯೇಕ ನೋಂದಣಿ ಬೇಕು, ಸಂಘ ನೋಂದಣಿಯಾದ ಮಾತ್ರಕ್ಕೆ ಅದು ಸಿಗುವುದಿಲ್ಲ. 2,000 ರೂಪಾಯಿಗೆ ಮೀರಿದ ನಗದು ದಾನಕ್ಕೆ ಆ ರಿಯಾಯಿತಿ ಇಲ್ಲದ ಕಾರಣ ಮೇಲೆ ಹೇಳಿದ 2,600 ರೂಪಾಯಿಯನ್ನೂ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯಲ್ಲೇ ಕೊಡಬೇಕು.

ದತ್ತಿಪತ್ರ ಒಂದು ಪುಟದಲ್ಲಿ ಮುಗಿಯಬಹುದು. ದತ್ತಿಯ ಹೆಸರು, ಮೂಲಧನ, ಯಾವ ತರಗತಿ, ಯಾವ ಷರತ್ತು, ಇಬ್ಬರಿಗೆ ಸಮ ಅಂಕ ಬಂದರೆ ಹಂಚುವುದೋ ಇಬ್ಬರಿಗೂ ಪೂರ್ತಿ ಕೊಡುವುದೋ, ಅರ್ಹರು ಇಲ್ಲದ ವರ್ಷ ಏನು, ಅಸಲಿಗೆ ಎಷ್ಟು ಮರಳಬೇಕು ಎಂಬುದಿರಬೇಕು. ಶಾಲೆ ಮುಚ್ಚಿದರೆ ಅಥವಾ ಬೇರೆ ಶಾಲೆಯೊಂದಿಗೆ ವಿಲೀನವಾದರೆ ಹಣ ಎಲ್ಲಿಗೆ ಎಂಬುದನ್ನು ಬರೆಯಲು ಜನ ಹಿಂಜರಿಯುತ್ತಾರೆ, ಅಪಶಕುನವೆಂಬಂತೆ. ಮಕ್ಕಳ ಸಂಖ್ಯೆ ಇಳಿಯುತ್ತಿರುವ ಕನ್ನಡ ಶಾಲೆಗಳ ಕಾಲದಲ್ಲಿ ಆ ಸಾಲು ಬೇಕೇ ಬೇಕು. ಪತ್ರದ ಒಂದು ಪ್ರತಿ ಶಾಲೆಯಲ್ಲಿ, ಒಂದು ಸಂಘದಲ್ಲಿ, ಒಂದು ದಾನಿಯ ಮನೆಯಲ್ಲಿರಲಿ. ಮುಖ್ಯೋಪಾಧ್ಯಾಯಿನಿಯರು ವರ್ಗವಾದಾಗ ಠೇವಣಿ ರಸೀದಿಗಳ ಪಟ್ಟಿ ಅಧಿಕಾರ ಹಸ್ತಾಂತರದ ಕಾಗದದಲ್ಲಿ ಸೇರಿದೆಯೇ ಎಂದು ಯಾರಾದರೂ ಒಬ್ಬರು ಹೋಗಿ ನೋಡಬೇಕು. ಮುದ್ದತು ಮುಗಿದರೂ ನವೀಕರಿಸದೆ ಬೀರುವಿನಲ್ಲಿ ಉಳಿಯುವ ರಸೀದಿಗಳ ಕಥೆ ಹಲವು ಊರುಗಳಲ್ಲಿದೆ.

ಜೈನ ವಿದ್ಯಾರ್ಥಿನಿಯರಿಗೆ ಬೇರೆ ದಾರಿ

2014ರ ಜನವರಿ 27ರ ಕೇಂದ್ರದ ಅಧಿಸೂಚನೆಯಿಂದ ಜೈನರು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂದು ಮಾನ್ಯರಾಗಿದ್ದಾರೆ. ರಾಜ್ಯದ ಅಲ್ಪಸಂಖ್ಯಾತರ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಅರ್ಜಿ ಹಾಕಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಪಡೆದು, ಆಧಾರ್ ಜೋಡಿಸಿದ ಖಾತೆಯನ್ನು ವಿದ್ಯಾರ್ಥಿನಿಯ ಹೆಸರಿನಲ್ಲೇ ತೆರೆದಿಟ್ಟುಕೊಳ್ಳಿ. ದಾಖಲಾತಿಯ ಹೊತ್ತಿಗೆ ಓಡಾಡುವುದಕ್ಕಿಂತ ಹತ್ತನೆಯ ಪರೀಕ್ಷೆ ಮುಗಿದ ವಾರವೇ ಈ ಕೆಲಸ ಮಾಡುವುದು ಮೇಲು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಪುಸ್ತಕ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಇರಬೇಕು. ಶಾಲೆಯ ದತ್ತಿ ಹಣವೂ ಇದೇ ಖಾತೆಗೆ ಬರಬಹುದು.