12ನೇ ತರಗತಿ ಸೈಕಾಲಜಿ ಪರೀಕ್ಷೆ: ಓದಿದ್ದು ನೆನಪಿನಲ್ಲಿ ಉಳಿಯಲು ಪುನರಾವರ್ತನೆ ಹೇಗಿರಬೇಕು?

ಓದುವಾಗ ಸುಲಭ, ಬರೆಯುವಾಗ ಕಷ್ಟ. ಸಿಬಿಎಸ್‌ಇ 12ನೇ ತರಗತಿಯಲ್ಲಿ ಸೈಕಾಲಜಿ, ಅಂದರೆ ಮನೋವಿಜ್ಞಾನ ಆಯ್ಕೆ ಮಾಡಿಕೊಂಡ ಹಲವು ವಿದ್ಯಾರ್ಥಿಗಳು ಹೇಳುವ ಮಾತಿದು. ಬುದ್ಧಿಶಕ್ತಿ, ವ್ಯಕ್ತಿತ್ವ, ಒತ್ತಡ, ಮನೋಭಾವ ಇವೆಲ್ಲ ದಿನನಿತ್ಯ ಕಿವಿಗೆ ಬೀಳುವ ಪದಗಳು. ಹಾಗಾಗಿ ಪುಸ್ತಕ ತೆರೆದಾಗ ‘ಇದೆಲ್ಲ ಗೊತ್ತಿರುವುದೇ’ ಎನಿಸುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಮಾತ್ರ ಸ್ಪಿಯರ್‌ಮನ್ ಹೇಳಿದ್ದು ಯಾವುದು, ಥರ್ಸ್ಟನ್ ಹೇಳಿದ್ದು ಯಾವುದು ಎಂಬುದು ಕಲಸಿಹೋಗುತ್ತದೆ.

ಈ ಸಮಸ್ಯೆಗೆ ಉತ್ತರ ಮನೋವಿಜ್ಞಾನದಲ್ಲೇ ಇದೆ. ಪುಸ್ತಕ ನೋಡಿ ‘ಗೊತ್ತು’ ಎನ್ನುವುದು ಬೇರೆ, ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದು ಬೇರೆ. ಪರೀಕ್ಷೆ ಹೆಚ್ಚಾಗಿ ಕೇಳುವುದು ಎರಡನೆಯದನ್ನು. ಪುನರಾವರ್ತನೆಯೂ ಹಾಗೆಯೇ ಇರಬೇಕು.

ಪ್ರಶ್ನೆಪತ್ರಿಕೆ ಹೇಗಿರುತ್ತದೆ?

ಒಟ್ಟು 100 ಅಂಕಗಳಲ್ಲಿ 70 ಅಂಕ ಲಿಖಿತ ಪರೀಕ್ಷೆಗೆ, 30 ಅಂಕ ಪ್ರಾಯೋಗಿಕ ಪರೀಕ್ಷೆಗೆ ಮೀಸಲು. ಲಿಖಿತ ಪರೀಕ್ಷೆಗೆ 3 ಗಂಟೆ ಸಮಯ. ಇದಲ್ಲದೆ ಪ್ರಶ್ನೆಪತ್ರಿಕೆ ಓದಿಕೊಳ್ಳಲು 15 ನಿಮಿಷ ಸಿಗುತ್ತದೆ.

ಇತ್ತೀಚಿನ ವರ್ಷಗಳ ಮಾದರಿ ಪತ್ರಿಕೆಗಳಲ್ಲಿ 1 ಅಂಕದ ಬಹು ಆಯ್ಕೆ ಪ್ರಶ್ನೆಗಳ ಜೊತೆಗೆ 2, 3, 4 ಮತ್ತು 6 ಅಂಕಗಳ ಪ್ರಶ್ನೆಗಳಿವೆ. ಕೊನೆಯಲ್ಲಿ ಸನ್ನಿವೇಶಗಳನ್ನು ಕೊಟ್ಟು ಅವುಗಳ ಮೇಲೆ ಪ್ರಶ್ನೆ ಕೇಳಲಾಗುತ್ತದೆ. ಉತ್ತರಕ್ಕೆ ಪದಮಿತಿಯೂ ಇದೆ. 2 ಅಂಕಕ್ಕೆ 30 ಪದ, 3 ಅಂಕಕ್ಕೆ 60, 4 ಅಂಕಕ್ಕೆ 120 ಮತ್ತು 6 ಅಂಕಕ್ಕೆ 200 ಪದ. ಆಯಾ ವರ್ಷದ ಮಾದರಿ ಪತ್ರಿಕೆ ಮಂಡಳಿಯ ಶೈಕ್ಷಣಿಕ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ತಯಾರಿ ಶುರು ಮಾಡುವ ಮೊದಲು ಅದನ್ನು ನೋಡಿಕೊಳ್ಳುವುದು ಒಳ್ಳೆಯದು.

ಯಾವ ಅಧ್ಯಾಯಕ್ಕೆ ಎಷ್ಟು ಅಂಕ?

2024-25ನೇ ಸಾಲಿನ ಪಠ್ಯಕ್ರಮದಲ್ಲಿ 7 ಅಧ್ಯಾಯಗಳಿದ್ದವು. ಅಂಕ ಹಂಚಿಕೆ ಹೀಗಿತ್ತು:

* ಮಾನಸಿಕ ಗುಣಗಳಲ್ಲಿನ ವ್ಯತ್ಯಾಸಗಳು (ಬುದ್ಧಿಶಕ್ತಿ): 13
* ಸ್ವಯಂ ಮತ್ತು ವ್ಯಕ್ತಿತ್ವ: 13
* ಬದುಕಿನ ಸವಾಲುಗಳನ್ನು ಎದುರಿಸುವುದು (ಒತ್ತಡ): 9
* ಮಾನಸಿಕ ಅಸ್ವಸ್ಥತೆಗಳು: 12
* ಚಿಕಿತ್ಸಾ ವಿಧಾನಗಳು: 9
* ಮನೋಭಾವ ಮತ್ತು ಸಾಮಾಜಿಕ ಅರಿವು: 8
* ಸಾಮಾಜಿಕ ಪ್ರಭಾವ ಮತ್ತು ಗುಂಪಿನ ಪ್ರಕ್ರಿಯೆಗಳು: 6

ಮೊದಲೆರಡು ಮತ್ತು ನಾಲ್ಕನೇ ಅಧ್ಯಾಯ ಸೇರಿದರೆ 38 ಅಂಕ, ಅಂದರೆ ಲಿಖಿತ ಪರೀಕ್ಷೆಯ ಅರ್ಧಕ್ಕಿಂತ ಹೆಚ್ಚು. ಸಮಯ ಕಡಿಮೆ ಇರುವವರು ಇಲ್ಲಿಂದಲೇ ಶುರು ಮಾಡಬಹುದು. ಕೊನೆಯ ಎರಡು ಅಧ್ಯಾಯಗಳು ಚಿಕ್ಕವಾದರೂ ಸೇರಿ 14 ಅಂಕ ತರುತ್ತವೆ. ಬಿಟ್ಟುಬಿಡುವುದು ಜಾಣತನವಲ್ಲ.

ಮತ್ತೆ ಮತ್ತೆ ಓದಿದರೆ ಸಾಲದೇಕೆ?

ಜರ್ಮನಿಯ ಹರ್ಮನ್ ಎಬಿಂಗ್‌ಹಾಸ್ 1885ರಲ್ಲಿ ಮರೆವಿನ ಕುರಿತ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಕಂಠಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತುಹೋಗುತ್ತದೆ ಎಂದು ಅಳೆದರು. ಕಲಿತ ಮೊದಲ ಕೆಲವು ಗಂಟೆಗಳಲ್ಲೇ ಮರೆವು ಅತಿ ವೇಗವಾಗಿರುತ್ತದೆ, ನಂತರ ನಿಧಾನವಾಗುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ.

ಇದನ್ನು ತಡೆಯುವುದು ಹೇಗೆ? 2006ರಲ್ಲಿ ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ನಡೆಸಿದ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಪಾಠವನ್ನು ನಾಲ್ಕು ಅವಧಿಗಳಲ್ಲೂ ಓದಿದರು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪಾಠ ನೋಡದೆ ನೆನಪಿದ್ದಷ್ಟು ಬರೆಯಿತು. 5 ನಿಮಿಷದ ನಂತರ ಪರೀಕ್ಷಿಸಿದಾಗ ಬರೀ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಚಿತ್ರ ತಿರುಗಿಬಿತ್ತು. ಓದಿದವರಿಗೆ ನೆನಪಿದ್ದದ್ದು ಸುಮಾರು ಶೇ. 40, ನೆನಪಿಸಿಕೊಂಡು ಬರೆದವರಿಗೆ ಸುಮಾರು ಶೇ. 61.

ಹಿಂದಿನ ರಾತ್ರಿ ಪುಟ ತಿರುಗಿಸಿದಾಗ ಎಲ್ಲವೂ ಬಂದಂತೆ ಅನಿಸಿ, ದಿನ ಕಳೆದಂತೆ ಕೈಕೊಡುವುದಕ್ಕೆ ಕಾರಣ ಇದೇ.

11ನೇ ತರಗತಿಯ ಪುಸ್ತಕದಲ್ಲೇ ಇದೆ ವಿಧಾನ

ಎನ್‌ಸಿಇಆರ್‌ಟಿಯ 11ನೇ ತರಗತಿ ಸೈಕಾಲಜಿ ಪುಸ್ತಕದ ನೆನಪಿನ ಶಕ್ತಿಯ ಅಧ್ಯಾಯದಲ್ಲಿ ಪಿಕ್ಯೂಆರ್‌ಎಸ್‌ಟಿ ಎಂಬ ವಿಧಾನದ ಪ್ರಸ್ತಾಪವಿದೆ. ಅದರಲ್ಲಿ ಐದು ಹಂತಗಳಿವೆ:

1. ಮೊದಲು ಅಧ್ಯಾಯದ ಶೀರ್ಷಿಕೆ, ಉಪಶೀರ್ಷಿಕೆಗಳ ಮೇಲೆ ಕಣ್ಣಾಡಿಸಿ.
2. ಪ್ರತಿ ಉಪಶೀರ್ಷಿಕೆಯನ್ನು ಒಂದು ಪ್ರಶ್ನೆಯಾಗಿ ಬದಲಿಸಿ.
3. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಓದಿ.
4. ಪುಸ್ತಕ ಮುಚ್ಚಿ ನಿಮ್ಮದೇ ಮಾತಿನಲ್ಲಿ ಹೇಳಿಕೊಳ್ಳಿ.
5. ಕೊನೆಗೆ ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ.

ಹೆಚ್ಚಿನವರು ಮೂರನೇ ಹಂತಕ್ಕೇ ನಿಂತುಬಿಡುತ್ತಾರೆ. ನೆನಪು ಗಟ್ಟಿಯಾಗುವುದು ನಾಲ್ಕು ಮತ್ತು ಐದರಲ್ಲಿ. ಒಂದು ಅಧ್ಯಾಯ ಮುಗಿಸಿದ ಮರುದಿನ, ನಂತರ ಮೂರ್ನಾಲ್ಕು ದಿನ ಬಿಟ್ಟು, ಮತ್ತೆ ಹತ್ತು ದಿನ ಬಿಟ್ಟು ಖಾಲಿ ಹಾಳೆಯ ಮೇಲೆ ಅದರ ಮುಖ್ಯಾಂಶಗಳನ್ನು ಬರೆಯಿರಿ. ಬಳಿಕ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಿ. ಮುಂದಿನ ಸಲ ಆ ಬಣ್ಣದ ಸಾಲುಗಳನ್ನು ಮೊದಲು ನೋಡಿದರೆ ಸಾಕು.

ಹೆಸರುಗಳು ಕಲಸಿಹೋಗದಿರಲು

ಒಂದರಂತೆ ಒಂದಿರುವ ವಿಷಯಗಳು ನೆನಪಿನಲ್ಲಿ ಒಂದಕ್ಕೊಂದು ಅಡ್ಡಿಯಾಗುತ್ತವೆ. ಬುದ್ಧಿಶಕ್ತಿಯ ಸಿದ್ಧಾಂತಗಳಲ್ಲಿ ಆಗುವುದು ಇದೇ. ಇಲ್ಲಿ ಒಂದು ಪುಟದ ಪಟ್ಟಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಪ್ರತಿ ಹೆಸರಿನ ಎದುರು ಅದಕ್ಕೆ ಮಾತ್ರ ಸೇರಿದ ಒಂದು ಗುರುತು ಇರಲಿ. ಸ್ಪಿಯರ್‌ಮನ್ ಎಂದರೆ ಜಿ ಮತ್ತು ಎಸ್ ಎಂಬ ಎರಡು ಅಂಶಗಳು, ಥರ್ಸ್ಟನ್ ಎಂದರೆ 7 ಪ್ರಾಥಮಿಕ ಸಾಮರ್ಥ್ಯಗಳು, ಗಿಲ್ಫರ್ಡ್ ಎಂದರೆ 6x5x6 ಸೇರಿ 180 ಕೋಶಗಳು, ಗಾರ್ಡ್ನರ್ ಎಂದರೆ 8 ಬಗೆಯ ಬುದ್ಧಿಶಕ್ತಿ, ಸ್ಟರ್ನ್‌ಬರ್ಗ್ ಎಂದರೆ ಮೂರು ಮುಖಗಳು.

ಕಥೆಯೊಂದು ಜೊತೆಗಿದ್ದರೆ ಹೆಸರು ಬೇಗ ಮರೆಯುವುದಿಲ್ಲ. ಸ್ಪಿಯರ್‌ಮನ್ ಅವರಿಗೆ ಕನ್ನಡ ನಾಡಿನ ನಂಟಿದೆ. ಲಂಡನ್‌ನಲ್ಲಿ ಅವರ ಶಿಷ್ಯರಾಗಿದ್ದ ಎಂ.ವಿ. ಗೋಪಾಲಸ್ವಾಮಿ ಅವರೇ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗವನ್ನು ಕಟ್ಟಿದವರು. 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ ರೇಡಿಯೊ ಕೇಂದ್ರ ಆರಂಭಿಸಿದವರೂ ಇವರೇ.

ಮನೆಯಲ್ಲಿ ಕನ್ನಡ, ಪರೀಕ್ಷೆಯಲ್ಲಿ ಇಂಗ್ಲಿಷ್

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯ ಕನ್ನಡ ಮನೆಗಳ ಮಕ್ಕಳಲ್ಲಿ ಬಹುತೇಕರು ಈ ವಿಷಯವನ್ನು ಓದುವುದು ಇಂಗ್ಲಿಷ್‌ನಲ್ಲಿ. ಪಠ್ಯ ಅರ್ಥವಾಗದ ಕಾರಣ ತಾವು ಸಹಾಯ ಮಾಡಲಾರೆವು ಎಂದು ಅನೇಕ ಪೋಷಕರು ಭಾವಿಸುತ್ತಾರೆ. ವಾಸ್ತವದಲ್ಲಿ ಎರಡನೇ ಭಾಷೆಯೇ ಇಲ್ಲಿ ಅನುಕೂಲ.

ಅಂದು ಓದಿದ ಒಂದು ಪರಿಕಲ್ಪನೆಯನ್ನು ಅಮ್ಮನಿಗೋ ಅಜ್ಜಿಗೋ ಕನ್ನಡದಲ್ಲಿ ವಿವರಿಸಲಿ. ಉದಾಹರಣೆಗೆ ಫೆಸ್ಟಿಂಗರ್ ಅವರ ಕಾಗ್ನಿಟಿವ್ ಡಿಸೊನೆನ್ಸ್. ಸಕ್ಕರೆ ಕಾಯಿಲೆ ಇರುವವರಿಗೆ ಸಿಹಿ ತಿನ್ನಬಾರದೆಂದು ಗೊತ್ತು, ಆದರೂ ಹೋಳಿಗೆ ತಿನ್ನುತ್ತಾರೆ. ಎರಡೂ ಹೊಂದದೆ ಮನಸ್ಸು ಚುಚ್ಚುತ್ತದೆ. ಆಗ ‘ಹಬ್ಬಕ್ಕೊಂದು ತಿಂದರೆ ಏನೂ ಆಗಲ್ಲ’ ಎಂದು ಸಮಾಧಾನ ಹೇಳಿಕೊಳ್ಳುತ್ತಾರೆ. ಇಷ್ಟು ಹೇಳಲು ಬಂದರೆ ಪರಿಕಲ್ಪನೆ ಅರ್ಥವಾಗಿದೆ ಎಂದೇ ಲೆಕ್ಕ. ಎಲ್ಲಿ ತಡವರಿಸಿದರೋ ಅಲ್ಲಿ ಮತ್ತೆ ಓದಬೇಕು. ಕೇಳುವವರಿಗೆ ಸೈಕಾಲಜಿ ಗೊತ್ತಿರಬೇಕಾಗಿಲ್ಲ, ‘ಹಾಗಂದ್ರೇನು?’ ಎಂದು ಕೇಳಿದರೆ ಸಾಕು.

ಆದರೆ ಉತ್ತರದಲ್ಲಿ ಪಠ್ಯಪುಸ್ತಕದ ಪಾರಿಭಾಷಿಕ ಪದವೇ ಇರಬೇಕು. ಹಾಗಾಗಿ ವಿವರಣೆಯ ಕೊನೆಗೆ ಇಂಗ್ಲಿಷ್ ಪದವನ್ನು, ಸಿದ್ಧಾಂತ ಯಾರದು ಎಂಬುದನ್ನು ಒಮ್ಮೆ ಬರೆದುಬಿಡುವುದು ಕ್ಷೇಮ.

ಉತ್ತರ ಬರೆಯುವಾಗ

ಸಾಮಾನ್ಯ ಜ್ಞಾನದಿಂದ ಪುಟ ತುಂಬಿಸುವುದು ಈ ವಿಷಯದ ದೊಡ್ಡ ಅಪಾಯ. 3 ಅಂಕಕ್ಕೆ ಸೆಲ್ಯೆ ಅವರ ಒತ್ತಡದ ಮಾದರಿಯನ್ನು ಕೇಳಿದರೆ ಎಚ್ಚರಿಕೆ, ಪ್ರತಿರೋಧ, ಬಳಲಿಕೆ ಎಂಬ ಮೂರು ಹಂತಗಳ ಹೆಸರು ಮತ್ತು ಪ್ರತಿಯೊಂದಕ್ಕೂ ಒಂದು ಸಾಲು ವಿವರಣೆ ಬೇಕು. ಒತ್ತಡದ ಬಗ್ಗೆ ಸಾಮಾನ್ಯ ಪ್ರಬಂಧ ಬೇಕಿಲ್ಲ.

ಸನ್ನಿವೇಶದ ಪ್ರಶ್ನೆಯಲ್ಲಿ ಮೊದಲು ಪರಿಕಲ್ಪನೆ ಹೆಸರಿಸಿ, ನಂತರ ಸನ್ನಿವೇಶದ ಯಾವ ಮಾತು ಅದನ್ನು ತೋರಿಸುತ್ತದೆ ಎಂದು ಹೇಳಿ. ಲಿಫ್ಟ್ ಏರಲು ವಿಪರೀತ ಹೆದರುವ ಯುವತಿಯ ಪ್ರಸಂಗವಿದ್ದರೆ ಅದು ನಿರ್ದಿಷ್ಟ ಫೋಬಿಯಾ. ಚಿಕಿತ್ಸೆ ಕೇಳಿದರೆ ವೋಲ್ಪೆ ಅವರ ಸಿಸ್ಟಮ್ಯಾಟಿಕ್ ಡಿಸೆನ್ಸಿಟೈಸೇಶನ್. ಭಯ ಹುಟ್ಟಿಸುವ ಸಂದರ್ಭಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ, ದೇಹವನ್ನು ಸಡಿಲಗೊಳಿಸುವುದನ್ನು ಕಲಿಸಿ, ಒಂದೊಂದನ್ನೇ ಎದುರಿಸುವಂತೆ ಮಾಡುವುದು ಇದರ ಕ್ರಮ.

ಪ್ರಾಯೋಗಿಕದ 30 ಅಂಕ ಮರೆಯಬೇಡಿ

ವಿದ್ಯಾರ್ಥಿಗಳು ಎರಡು ಪ್ರಾಯೋಗಿಕಗಳನ್ನು ನಡೆಸಿ, ಒಬ್ಬ ವ್ಯಕ್ತಿಯ ಕೇಸ್ ಪ್ರೊಫೈಲ್ ಸಿದ್ಧಪಡಿಸಬೇಕು. ಮೌಖಿಕ ಪರೀಕ್ಷೆಯೂ ಇರುತ್ತದೆ. ಯಾವ ಪರೀಕ್ಷಣವನ್ನು ಏಕೆ ಬಳಸಿದಿರಿ, ಫಲಿತಾಂಶದ ಅರ್ಥವೇನು ಎಂಬುದನ್ನು ಫೈಲ್ ನೋಡದೆ ಹೇಳಲು ಬರಬೇಕು. ಕೇಸ್ ಪ್ರೊಫೈಲ್‌ನಲ್ಲಿ ಆ ವ್ಯಕ್ತಿಯ ಗುರುತು ಬಹಿರಂಗವಾಗದಂತೆ ನೋಡಿಕೊಳ್ಳುವುದೂ ಈ ವಿಷಯದ ಪಾಠವೇ.

ನಾಲ್ಕನೇ ಅಧ್ಯಾಯ ಓದುವಾಗ ಒಂದು ಎಚ್ಚರ

ಮಾನಸಿಕ ಅಸ್ವಸ್ಥತೆಗಳ ಅಧ್ಯಾಯ ಓದುತ್ತಾ ‘ಇದೆಲ್ಲ ನನಗೇ ಇದೆ’ ಎಂದು ಗಾಬರಿಯಾಗುವವರಿದ್ದಾರೆ. ಲಕ್ಷಣಗಳ ಪಟ್ಟಿ ಓದಿ ತಮಗೋ ಗೆಳೆಯರಿಗೋ ಹಣೆಪಟ್ಟಿ ಹಚ್ಚುವುದು ಸರಿಯಲ್ಲ. ಲಕ್ಷಣಗಳ ತೀವ್ರತೆ, ಅವಧಿ, ದಿನನಿತ್ಯದ ಬದುಕಿಗೆ ಆಗುವ ತೊಂದರೆ ಎಲ್ಲವನ್ನೂ ನೋಡಿ ನಿರ್ಧರಿಸುವುದು ತಜ್ಞರ ಕೆಲಸ.

ಹಾಗೆಂದು ನಿಜವಾದ ನೋವನ್ನು ಪರೀಕ್ಷೆಯ ನೆಪದಲ್ಲಿ ಮುಂದೂಡಬಾರದು. ನಿದ್ದೆ, ಊಟ ತಪ್ಪಿ ದಿನಗಟ್ಟಲೆ ಮನಸ್ಸು ಕುಸಿದಿದ್ದರೆ ಮನೆಯವರಿಗೆ, ಶಾಲೆಯ ಆಪ್ತ ಸಮಾಲೋಚಕರಿಗೆ ಹೇಳಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ಮಾತನಾಡಬಹುದು.

ಪರೀಕ್ಷೆಯ ಹಿಂದಿನ ರಾತ್ರಿ ಹೊಸ ಅಧ್ಯಾಯ ಬೇಡ. ಬಣ್ಣದ ಪೆನ್ನಿನ ಸಾಲುಗಳನ್ನು ಒಮ್ಮೆ ನೋಡಿ ಮಲಗಿ. ಕಲಿತದ್ದು ಮಿದುಳಿನಲ್ಲಿ ಗಟ್ಟಿಯಾಗಲು ನಿದ್ದೆಯೂ ಬೇಕು.